ಕಲ್ಪಿತಲೋಕದಲ್ಲಿ ಅಧ್ಯಾಪನ: ಒಂದು ವಿಮರ್ಶೆ

ಗಣಕಯಂತ್ರದೊಳಗೆ ನಿರ್ಮಿತವಾದ ಲೋಕಗಳಲ್ಲಿ ಮನುಷ್ಯನು ಯಾವ ಆಕೃತಿಯನ್ನು ಧರಿಸಿ ಸಂಚರಿಸುತ್ತಾನೆಯೋ ಅದಕ್ಕೆ ಪಾಶ್ಚಾತ್ಯರು ‘ಅವತಾರ’ವೆಂದೇ ಹೆಸರಿಟ್ಟಿದ್ದಾರೆ. 1980ರ ದಶಕದ ‘ಹ್ಯಾಬಿಟ್ಯಾಟ್’ ಎಂಬ ಕ್ರೀಡಾಲೋಕದಲ್ಲಿಯೇ ಈ ಪ್ರಯೋಗವಿದ್ದಿತು. 1992ರಲ್ಲಿ ಪ್ರಕಟವಾದ ನೀಲ್ ಸ್ಟೀಫನ್‌ಸನ್ನನ ‘ಸ್ನೋ ಕ್ರ್ಯಾಷ್’ ಕಾದಂಬರಿಯು ಅದನ್ನು ಲೋಕರೂಢಿಗೆ ತಂದಿತು. ಅವತರಣವೆಂದರೆ ಇಳಿದುಬರುವುದು, ಅದೂ ಒಂದು ಪ್ರಯೋಜನವನ್ನು ಉದ್ದೇಶಿಸಿ. (ಲೀಲೆಯೇ ಪ್ರಯೋಜನವೆಂಬ ವಾದವನ್ನು ಇಲ್ಲಿ ಎತ್ತುವುದಿಲ್ಲ.) ಇಂತಹ ಲೋಕಗಳಲ್ಲಿ ಉತ್ತಮವಾದ ಬೋಧನಕ್ರಮವು ಯಾವುದೆಂದು ನಿರ್ಣಯಿಸಲು ಹೊರಟವರಿಗೆ ಈ ಶಬ್ದಾರ್ಥವೇ ಒರೆಗಲ್ಲಾಗಬಹುದೆಂದು ನಮಗೆ ತೋರುತ್ತದೆ: ವಿದ್ಯಾರ್ಥಿಯು ಏತಕ್ಕಾಗಿ ಅಲ್ಲಿಗೆ ಇಳಿದನು?

ಸಾನ್‌ಫ್ರಾನ್ಸಿಸ್ಕೋ ನಗರದ ಲಿಂಡನ್ ಲ್ಯಾಬ್ ಸಂಸ್ಥೆಯು 2003ರಲ್ಲಿ ‘ಸೆಕೆಂಡ್ ಲೈಫ್’ ಎಂಬ ಲೋಕವನ್ನು ಸಾರ್ವಜನಿಕರಿಗೆ ತೆರೆಯಿತು. ಕೆಲವೇ ವರ್ಷಗಳಲ್ಲಿ ಅಮೆರಿಕ, ಇಂಗ್ಲೆಂಡುಗಳ ಅನೇಕ ವಿಶ್ವವಿದ್ಯಾಲಯಗಳು ಅಲ್ಲಿ ‘ದ್ವೀಪ’ಗಳನ್ನು ಪಡೆದವು. ಪಡೆದು ಮಾಡಿದ್ದೇನು? ಹಲವು ತಮ್ಮ ಊರಿನ ಸಭಾಭವನಗಳ ಪ್ರತಿಕೃತಿಗಳನ್ನೇ ಕಟ್ಟಿದವು. ಮಳೆ ಸುರಿಯದೆಡೆಯಲ್ಲಿ ಮಾಡು, ಹಾರಬಲ್ಲವರಿಗೆ ಮೆಟ್ಟಿಲು, ದಣಿವರಿಯದವರಿಗೆ ಪೀಠ! ಆ ಪೀಠಗಳಲ್ಲಿ ಕುಳಿತು ಉಪನ್ಯಾಸವನ್ನು ಕೇಳುವುದೇ ಆದರೆ ಅದನ್ನು ಮುದ್ರಿಸಿ ಕಳುಹಿಸಿದ್ದರೂ ಸಾಕಾಗಿತ್ತು. ದೂರದೂರದ ವಿದ್ಯಾರ್ಥಿಗಳಿಗೆ ಒಂದೆಡೆ ಕೂಡಿದ ಭಾವವಾದರೂ ಉಂಟಾಗುವುದಲ್ಲವೇ ಎಂದು ಕೇಳಬಹುದು. ಉಂಟಾಗುವುದು ನಿಜ, ಅದನ್ನು ಅಲ್ಲಗಳೆಯಲಾಗದು. ಆದರೆ ಆ ಭಾವವು ಬೋಧನೆಗೆ ಸಹಕಾರಿಯೇ ಹೊರತು ಬೋಧನೆಯಲ್ಲ.

ಇದಕ್ಕೆ ಪ್ರತಿಯಾಗಿ ಹಾರ್ವರ್ಡ್ ವಿಶ್ವವಿದ್ಯಾಲಯದ ಕ್ರಿಸ್ ಡೀಡ್ ಮತ್ತು ಸಂಗಡಿಗರು ಈ ಶತಮಾನದ ಮೊದಲ ದಶಕದಲ್ಲಿ ಶಾಲಾಬಾಲಕರಿಗಾಗಿ ನಡೆಸಿದ ‘ರಿವರ್ ಸಿಟಿ’ಯನ್ನು ನೋಡತಕ್ಕದ್ದು. ಅದು ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಒಂದು ಕಲ್ಪಿತ ಪಟ್ಟಣ. ಜನರು ಕಾಯಿಲೆ ಬೀಳುತ್ತಿದ್ದಾರೆ. ಕಾರಣವು ಒಂದೇ ಅಲ್ಲ; ನೀರಿನಿಂದ, ಗಾಳಿಯಿಂದ, ಕೀಟಗಳಿಂದ ಹರಡುವ ರೋಗಗಳು ಪರಸ್ಪರ ಹೆಣೆದುಕೊಂಡಿವೆ. ಬಾಲಕರು ಸಣ್ಣ ತಂಡಗಳಾಗಿ ಬೀದಿಗಳಲ್ಲಿ ಸುತ್ತಿ, ಊರವರನ್ನು ಮಾತನಾಡಿಸಿ, ನೀರನ್ನು ಪರೀಕ್ಷಿಸಿ, ಆಸ್ಪತ್ರೆಯ ದಾಖಲೆಗಳನ್ನು ಓದಿ, ಒಂದು ಊಹೆಯನ್ನು ಕಟ್ಟುತ್ತಾರೆ. ಅನಂತರ ಆ ಪಟ್ಟಣದಲ್ಲಿಯೇ ಒಂದು ಅಂಶವನ್ನು ಮಾತ್ರ ಬದಲಾಯಿಸಿ, ಫಲದಲ್ಲಿ ಏನು ವ್ಯತ್ಯಾಸವಾಯಿತೆಂದು ಹೋಲಿಸುತ್ತಾರೆ. ಕೊನೆಗೆ ಪುರಾಧ್ಯಕ್ಷನಿಗೆ ಪತ್ರ ಬರೆದು ತಮ್ಮ ನಿರ್ಣಯವನ್ನು ನಿವೇದಿಸುತ್ತಾರೆ. ಅನ್ವಯ-ವ್ಯತಿರೇಕಗಳನ್ನು ನಮ್ಮ ತರ್ಕವಿದ್ಯಾರ್ಥಿಗಳು ಹೊಗೆ-ಬೆಂಕಿಗಳ ಉದಾಹರಣೆಯಲ್ಲಿ ಕಂಠಪಾಠ ಮಾಡುತ್ತಾರೆ. ಒಂದು ಇಡೀ ಊರಿನಲ್ಲಿ ಅವುಗಳನ್ನು ಪ್ರಯೋಗಿಸಿ ನೋಡುವುದು ನಿಜವಾದ ಊರಿನಲ್ಲಿ ಸಾಧ್ಯವಲ್ಲ, ಪುಸ್ತಕದಲ್ಲಂತೂ ಅಲ್ಲವೇ ಅಲ್ಲ. ಇಲ್ಲಿ ಅವತಾರಕ್ಕೆ ಪ್ರಯೋಜನವಿದೆ.

ಆ ಬಾಲಕನ ಜ್ಞಾನವು ಯಾವ ಬಗೆಯದು? ಅಲ್ಲಿ ಯಾರೂ ಸಾಯುತ್ತಿಲ್ಲವೆಂದು ಅವನು ಬಲ್ಲನು. ಆದರೂ ಕಾರಣವನ್ನು ಶ್ರದ್ಧೆಯಿಂದ ಹುಡುಕುತ್ತಾನೆ. ನಟನಲ್ಲಿ ರಾಮನೆಂಬ ಪ್ರತೀತಿಯು ಯಥಾರ್ಥವೂ ಅಲ್ಲ, ಮಿಥ್ಯೆಯೂ ಅಲ್ಲ, ಸಂಶಯವೂ ಅಲ್ಲ, ಸಾದೃಶ್ಯವೂ ಅಲ್ಲ. ಚಿತ್ರದ ಕುದುರೆಯನ್ನು ಕುದುರೆಯೆನ್ನುವಂತಹದು ಎಂದು ಶ್ರೀಶಂಕುಕನ ಮತ. ರಸವಿಚಾರದಲ್ಲಿ ಅಭಿನವಗುಪ್ತನು ಈ ಮತವನ್ನು ಖಂಡಿಸಿದ್ದು ಯುಕ್ತವೇ. ಆದರೆ ಕಲ್ಪಿತಲೋಕದ ಕಲಿಕೆಯನ್ನು ವಿವರಿಸಲು ಚಿತ್ರತುರಗನ್ಯಾಯಕ್ಕಿಂತ ಹತ್ತಿರದ ನ್ಯಾಯವು ನಮಗೆ ದೊರೆಯದು. ಅದರಿಂದಲೇ ಒಂದು ಅಪಾಯವೂ ಹೊರಡುತ್ತದೆ. ಚಿತ್ರದ ಕುದುರೆಯಲ್ಲಿ ಚಿತ್ರಕಾರನು ಬರೆದಷ್ಟೇ ಇರುತ್ತದೆ. ‘ರಿವರ್ ಸಿಟಿ’ಯಲ್ಲಿ ನಿರ್ಮಾಪಕರು ಇಟ್ಟ ಕಾರಣಗಳಷ್ಟೇ ದೊರೆಯುತ್ತವೆ, ನಿಜವಾದ ಪಟ್ಟಣದಲ್ಲಿ ಕಾರಣಗಳನ್ನು ಯಾರೂ ಹುಡುಕುವವರಿಗಾಗಿ ಇಟ್ಟಿರುವುದಿಲ್ಲ. ಈ ಭೇದವನ್ನು ಬಾಲಕನಿಗೆ ಆ ಲೋಕವೇ ಹೇಳಲಾರದು. ಹೊರಗೆ ಬಂದ ಮೇಲೆ ಉಪಾಧ್ಯಾಯನು ಹೇಳಬೇಕು.

ಇದೇ ನಮ್ಮ ಮುಖ್ಯವಾದ ಆಕ್ಷೇಪ. ನಾವು ಕಂಡ ಕೈಪಿಡಿಗಳಲ್ಲಿ ನಡೆಯುವ, ಹಾರುವ, ಉಡುಪು ಬದಲಿಸುವ ವಿಧಾನಗಳಿಗೆ ಪುಟಗಟ್ಟಲೆ ಸ್ಥಳವಿದೆ. ಹಿಂದಿರುಗಿದ ಮೇಲಿನ ವಿಚಾರಣೆಗೆ ನಾಲ್ಕಾರು ವಾಕ್ಯಗಳು. ವೈದ್ಯಶಿಕ್ಷಣದವರು ಈ ವಿಚಾರಣೆಯನ್ನು ‘ಡಿಬ್ರೀಫಿಂಗ್’ ಎಂದು ಕರೆದು ಬಹುಕಾಲದಿಂದ ಆಚರಿಸುತ್ತಿದ್ದಾರೆ. ಲಂಡನ್ನಿನ ಸೇಂಟ್ ಜಾರ್ಜ್ಸ್ ಸಂಸ್ಥೆಯವರು ತುರ್ತುಚಿಕಿತ್ಸೆಯ ವಿದ್ಯಾರ್ಥಿಗಳಿಗಾಗಿ ‘ಸೆಕೆಂಡ್ ಲೈಫ್’ನಲ್ಲಿ ಯಂತ್ರಚಾಲಿತ ರೋಗಿಗಳನ್ನು ನಿರ್ಮಿಸಿದರು. ಅಲ್ಲಿ ತಪ್ಪಿದರೆ ಪ್ರಾಣಹಾನಿಯಿಲ್ಲ. ಆದರೆ ತಪ್ಪನ್ನು ಬಿಡಿಸಿ ತೋರಿಸುವವರಿಲ್ಲದಿದ್ದರೆ ಲಾಭವೂ ಇಲ್ಲ. ನಮ್ಮ ಪಾಠಶಾಲೆಗಳ ವಾಕ್ಯಾರ್ಥದಲ್ಲಿ ಪೂರ್ವಪಕ್ಷವನ್ನು ಹಿಡಿದ ವಿದ್ಯಾರ್ಥಿಯು ತನ್ನದಲ್ಲದ ಮತವನ್ನು ತನ್ನದೆಂಬಂತೆ ಸಮರ್ಥಿಸುತ್ತಾನೆ. ಅದೂ ಒಂದು ವೇಷವೇ. ಸಭೆ ಮುಗಿದ ಬಳಿಕ ಅವನ ಹೇತುವು ಎಲ್ಲಿ ವ್ಯಭಿಚರಿಸಿತೆಂದು ಗುರುವು ತೋರಿಸಿದಾಗಲೇ ಶಾಸ್ತ್ರವು ಅವನಿಗೆ ಹತ್ತುವುದು.

ನೆಲದ ವಿಚಾರವೂ ಉಳಿದಿದೆ. ಈ ದ್ವೀಪಗಳು ಬಾಡಿಗೆಯವು. ವಿದ್ಯಾಸಂಸ್ಥೆಗಳಿಗೆ ಕೊಡುತ್ತಿದ್ದ ಅರ್ಧದರದ ರಿಯಾಯಿತಿಯನ್ನು 2011ರ ಜನವರಿಯಿಂದ ನಿಲ್ಲಿಸುವುದಾಗಿ ಲಿಂಡನ್ ಲ್ಯಾಬ್ 2010ರ ಅಕ್ಟೋಬರಿನಲ್ಲಿ ಪ್ರಕಟಿಸಿತು. ಅನೇಕ ಸಂಸ್ಥೆಗಳು ಸ್ಥಳವನ್ನು ತೆರವು ಮಾಡಿದವು. ಕೆಲವು, 2007ರಲ್ಲಿ ಆರಂಭವಾದ ‘ಓಪನ್‌ಸಿಮ್ಯುಲೇಟರ್’ ಎಂಬ ಮುಕ್ತ ತಂತ್ರಾಂಶವನ್ನು ಆಶ್ರಯಿಸಿದವು. 2013ರಲ್ಲಿ ರಿಯಾಯಿತಿಯು ಮರಳಿತಾದರೂ ತೆರವಾದ ದ್ವೀಪದಲ್ಲಿ ಕಟ್ಟಿದ್ದು ತಾನಾಗಿ ಮರಳಲಿಲ್ಲ. ಆದಕಾರಣ ಪಾಠದ ಕ್ರಮ, ವಿದ್ಯಾರ್ಥಿಗಳ ಟಿಪ್ಪಣಿಗಳು, ಚರ್ಚೆಯ ವರದಿ ಇವೆಲ್ಲವನ್ನೂ ಆ ಲೋಕದ ಹೊರಗೆ ಕಾಪಾಡಿಕೊಳ್ಳುವುದು ಕ್ರಮದ ಒಂದು ಅಂಗವಾಗಬೇಕು. ಪುರಾಧ್ಯಕ್ಷನಿಗೆ ಬರೆದಂತಹ ಪತ್ರವನ್ನು, ಪಟ್ಟಣವು ಮುಚ್ಚಿಹೋದ ಮೇಲೆಯೂ, ಕಾಗದದ ಮೇಲೆ ಓದಿ ತಿದ್ದಬಹುದು.