ವೈದ್ಯರ ಮಾದರಿ ರೋಗಿ: ‘ಯೆಂಟಲ್’ ರೂಪಕದ ವಿಮರ್ಶೆ

ಸ್ತ್ರೀಯರ ಹೃದ್ರೋಗವನ್ನು ಕುರಿತ ವೈದ್ಯಕೀಯ ವಾಙ್ಮಯದಲ್ಲಿ, ಬರ್ನಡೀನ್ ಹೀಲಿಯವರು 1991ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಬರೆದ ‘ಯೆಂಟಲ್ ಸಿಂಡ್ರೋಮ್’ ಎಂಬ ಕಿರುಲೇಖನಕ್ಕೆ ವಿಶಿಷ್ಟವಾದ ಸ್ಥಾನವುಂಟು. ಅದರ ರೂಪಕದ ಬಲವನ್ನೂ ಮಿತಿಯನ್ನೂ, ರೋಗಿಯನ್ನು ಮೊದಲು ಕಾಣುವ ಪ್ರಾಥಮಿಕ ಚಿಕಿತ್ಸೆಯ ವೈದ್ಯರ ದೃಷ್ಟಿಯಿಂದ ಪರಿಶೀಲಿಸುವುದು ಪ್ರಕೃತ ನಮ್ಮ ಉದ್ದೇಶ.

ಯೆಂಟಲ್ ಎಂಬವಳು ಐಸಾಕ್ ಬಾಷೆವಿಸ್ ಸಿಂಗರರ ಯಿದ್ದಿಷ್ ಕಥೆಯ ನಾಯಿಕೆ. ಹೆಣ್ಣಿಗೆ ನಿಷಿದ್ಧವಾಗಿದ್ದ ಧರ್ಮಶಾಸ್ತ್ರದ ಅಧ್ಯಯನಕ್ಕಾಗಿ ಗಂಡುವೇಷ ತೊಟ್ಟವಳು. ಹೃದ್ರೋಗದ ಮುಖ್ಯ ಪರೀಕ್ಷೆಯೂ ಶಸ್ತ್ರಚಿಕಿತ್ಸೆಯೂ ಸ್ತ್ರೀಯರಿಗೆ ಪುರುಷರಿಗಿಂತ ವಿರಳವಾಗಿ ದೊರೆಯುತ್ತಿದ್ದುದನ್ನು ಪತ್ರಿಕೆಯ ಅದೇ ಸಂಚಿಕೆಯ ಎರಡು ಸಂಶೋಧನೆಗಳು ತೋರಿಸಿದ್ದವು. ತನ್ನ ರೋಗವೂ ಗಂಡಸಿನ ರೋಗದಷ್ಟೇ ತೀವ್ರವೆಂದು ಸಿದ್ಧಪಡಿಸಿದ ಬಳಿಕವೇ ಹೆಂಗಸಿಗೆ ಸಮಾನ ಚಿಕಿತ್ಸೆ ದೊರೆಯುವುದೆಂಬುದು ಹೀಲಿಯವರ ವಾದ. ಅಂಕಿ ಅಂಶಗಳಲ್ಲಿ ಹುದುಗಿದ್ದ ಅನ್ಯಾಯವನ್ನು ಈ ಹೆಸರು ಎಲ್ಲರಿಗೂ ಕಾಣಿಸಿತೆಂಬುದು ನಿರ್ವಿವಾದ.

ಆದರೆ ಯೆಂಟಲ್ ತನ್ನ ವೇಷವನ್ನು ತಾನೇ ಆರಿಸಿಕೊಂಡವಳು. ಪ್ರಾಥಮಿಕ ವೈದ್ಯರ ಮುಂದೆ ಕುಳಿತ ಹೆಂಗಸಿಗೆ ಆ ಆಯ್ಕೆಯಿಲ್ಲ. ಏದುಸಿರು, ಓಕರಿಕೆ, ಬಳಲಿಕೆ ಎಂದು ಅವಳು ಹೇಳಿದುದನ್ನು ಕೇವಲ ಮನಸ್ಸಿನ ಕಳವಳವೆಂದು ಬರೆದುಕೊಂಡರೆ, ಮುಂದಿನ ಪರೀಕ್ಷೆಯ ಬಾಗಿಲೇ ಮುಚ್ಚಿದಂತೆ. ಇದಕ್ಕೆ ವೈದ್ಯರ ನಿರ್ದಯತೆಯೇ ಕಾರಣವೆನ್ನಲಾಗದು; ಅವರು ಕಲಿತ ಮಾದರಿ ರೋಗಿಯೇ ಗಂಡಸು. ಹೃದಯಶೂಲೆಯನ್ನು ಮೊದಲು ಸ್ಪಷ್ಟವಾಗಿ ವರ್ಣಿಸಿದ ವಿಲಿಯಂ ಹೆಬರ್ಡನ್ನರು, 1802ರಲ್ಲಿ ಪ್ರಕಟವಾದ ಗ್ರಂಥದಲ್ಲಿ, ತಾವು ಕಂಡ ಸುಮಾರು 100 ರೋಗಿಗಳಲ್ಲಿ ಹೆಂಗಸರು ಮೂವರೆಂದು ಹೇಳಿದ್ದಾರೆ. ಇಂತಹ ಮಾದರಿಗೆ ಹೊಂದದ ಲಕ್ಷಣಗಳಿಗೆ ವೈದ್ಯಶಾಸ್ತ್ರದಲ್ಲಿ ‘ಅಟಿಪಿಕಲ್’ ಎಂಬ ಹೆಸರು ಬಂದಿತು. ಮಾನವಕುಲದ ಅರ್ಧಭಾಗವನ್ನು ಹೊರಗಿಟ್ಟ ಮಾದರಿಯನ್ನು ಮಾದರಿಯೆನ್ನಬಹುದೆ?

ಇದಕ್ಕೆ ಪರಿಹಾರವಾಗಿ ‘ಹೆಂಗಸರ ಲಕ್ಷಣ’ಗಳ ಬೇರೊಂದು ಪಟ್ಟಿಯನ್ನು ಕಲಿಸಿದರೆ ಸಾಕೆಂಬ ಅಭಿಪ್ರಾಯವುಂಟು. ನಾವು ಇದನ್ನು ಒಪ್ಪಲಾರೆವು. ಅಮೆರಿಕದ ಹೃದ್ರೋಗ ಸಂಸ್ಥೆಗಳು 2021ರಲ್ಲಿ ಹೊರಡಿಸಿದ ಎದೆನೋವಿನ ಮಾರ್ಗದರ್ಶಿಯು, ಸ್ತ್ರೀಯರಲ್ಲಿಯೂ ಎದೆನೋವೇ ಪ್ರಧಾನ ಲಕ್ಷಣವೆಂದೂ, ಅದರ ಜೊತೆಗೆ ಇತರ ಲಕ್ಷಣಗಳು ತೋರುವ ಸಂಭವ ಅವರಲ್ಲಿ ಹೆಚ್ಚೆಂದೂ ತಿಳಿಸಿ, ‘ಅಟಿಪಿಕಲ್’ ಎಂಬ ಪದವನ್ನೇ ಕೈಬಿಡಬೇಕೆಂದು ಸೂಚಿಸಿತು. ಬೇರೆ ಪಟ್ಟಿಯನ್ನೇ ನಂಬಿದ ವೈದ್ಯರು, ಎದೆನೋವೆಂದು ಸ್ಪಷ್ಟವಾಗಿ ಹೇಳುವ ಹೆಂಗಸಿನ ಮಾತಿಗೂ ಕಿವುಡಾಗಬಹುದು.

ಆದಕಾರಣ, ತಮ್ಮ ಮನಸ್ಸಿನಲ್ಲಿ ನೆಲೆಸಿರುವ ಮಾದರಿ ರೋಗಿ ಯಾರೆಂದು ವೈದ್ಯರು ತಮ್ಮನ್ನು ತಾವೇ ಕೇಳಿಕೊಳ್ಳುವುದೇ ಲಿಂಗಪ್ರಜ್ಞೆಯ ಆರಂಭವೆಂದು ನಮ್ಮ ಮತ. ಹೀಲಿಯವರ ರೂಪಕವು ವೇಷ ತೊಡಬೇಕಾದವಳ ಕಷ್ಟವನ್ನು ತೋರಿಸಿತು. ವೇಷವನ್ನು ಬೇಡುವ ಕಣ್ಣಿನ ಪರೀಕ್ಷೆ ಇನ್ನು ನಡೆಯಬೇಕಾಗಿದೆ.