ಪಶ್ಚಾತ್ತಾಪ, ಮಾನಸಾಂತರ, ತಿರುಗುವಿಕೆ: ದೇವರ ಕರುಣೆಯ ಮೇರೆಯನ್ನು ಕುರಿತು

ಕ್ರೈಸ್ತ ಪರಿಭಾಷೆಯನ್ನು ಕನ್ನಡಕ್ಕೆ ತರುವುದು ಬರಿಯ ನಿಘಂಟಿನ ಕೆಲಸವಾಗಿರಲಿಲ್ಲ. ಪಾಪ, ಕೃಪೆ, ಪಶ್ಚಾತ್ತಾಪ ಮೊದಲಾದ ಮಾತುಗಳು ಅದಕ್ಕೂ ಮೊದಲೇ ವೈದಿಕ, ಜೈನ, ವೀರಶೈವ ಚಿಂತನೆಗಳಲ್ಲಿ ಬಳಕೆಯಾಗಿ ಪಳಗಿದ್ದವು. ಪ್ರಸ್ತುತ ಲೇಖನದಲ್ಲಿ ಅವುಗಳ ಪೈಕಿ ಒಂದನ್ನು ಮಾತ್ರ ಪರಿಶೀಲಿಸುತ್ತೇವೆ. ದೇವರ ಕರುಣೆಗೆ ಮೇರೆ ಉಂಟೇ ಎಂಬ ಹಳೆಯ ಪ್ರಶ್ನೆಗೆ ಕನ್ನಡ ಓದುಗನು ಕಂಡುಕೊಳ್ಳುವ ಉತ್ತರವು, ಪಾಪಿಯ ಮರಳುವಿಕೆಗೆ ಅವನು ಯಾವ ಪದವನ್ನು ಬಳಸುತ್ತಾನೆ ಎಂಬುದನ್ನು ಬಹುಮಟ್ಟಿಗೆ ಅವಲಂಬಿಸಿದೆ ಎಂಬುದು ನಮ್ಮ ಅಭಿಪ್ರಾಯ.

ಹೊರನಾಡಿನ ನೆಲೆಯಿಂದ ನೋಡಿದಾಗ ಈ ವಿಚಾರ ಹೆಚ್ಚು ಸ್ಪಷ್ಟವಾಗುತ್ತದೆ. ಚೆನ್ನೈಯ ದಕ್ಷಿಣ ಭಾಗದ ಕ್ರೋಂಪೇಟೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಕ್ರೋಮ್ ಚರ್ಮದ ಕಾರ್ಖಾನೆಯಿಂದ ಹೆಸರು ಪಡೆದ ಈ ಊರಿನ ಉತ್ತರಕ್ಕೆ ಸಂತ ತೋಮನ ಹೆಸರಿನ ಬೆಟ್ಟವಿದೆ. ದಕ್ಷಿಣಕ್ಕೆ, ಮದ್ರಾಸ್ ಕ್ರಿಶ್ಚಿಯನ್ ಕಾಲೇಜು 1937ರಲ್ಲಿ ಬಂದು ನೆಲೆಸಿದ ತಾಂಬರಂ ಇದೆ. ಇಂತಹ ಪರಿಸರದ ಕನ್ನಡ ಓದುಗನಿಗೆ ಕನ್ನಡ, ತಮಿಳು, ತೆಲುಗು ಬೈಬಲುಗಳನ್ನು ಜೊತೆಗಿಟ್ಟು ಓದುವ ಅನುಕೂಲವಿದೆ.

ಹಾಗೆ ಓದಿದಾಗ ಕಾಣುವುದಿಷ್ಟು. ತಮಿಳು ಪ್ರಾಟೆಸ್ಟಂಟ್ ಪರಂಪರೆಯ ಮಾತು 'ಮನಂದಿರುಂಬುದಲ್', ಎಂದರೆ ಮನಸ್ಸು ತಿರುಗುವುದು. 1995ರ ಪೊದು ಮೊಳಿಪೆಯರ್ಪ್ಪು, ಅಂದರೆ ತಮಿಳಿನ ಸಾಮಾನ್ಯ ಅನುವಾದವು, ಮನಸ್ಸು ಮಾರ್ಪಡುವುದೆಂಬ ಅರ್ಥದ ಮಾತನ್ನು ಬಳಸಿದೆ. ತೆಲುಗಿನ ಮಾತು 'ಮಾರುಮನಸ್ಸು'. ಕನ್ನಡದಲ್ಲಿ ಮೂರು ಮಾತುಗಳು ಬಳಕೆಯಲ್ಲಿವೆ: ಒಂದು ಅನುವಾದದಲ್ಲಿ 'ಮಾನಸಾಂತರ', ಇನ್ನೊಂದರಲ್ಲಿ 'ದೇವರ ಕಡೆಗೆ ತಿರುಗಿಕೊಳ್ಳು', ಸಾಮಾನ್ಯ ಬಳಕೆಯಲ್ಲಿ 'ಪಶ್ಚಾತ್ತಾಪ'. ಗ್ರೀಕ್ ಮೂಲದ 'ಮೆತಾನೋಯಿಯ' ಎಂದರೆ ಮನಸ್ಸಿನ ಮಾರ್ಪಾಡು. ಅದರ ಹಿನ್ನೆಲೆಯಲ್ಲಿರುವ ಹೀಬ್ರೂ ಧಾತು 'ಶೂಬ್'ಗೆ ಹಿಂದಿರುಗು ಎಂದು ಅರ್ಥ. ಮೊದಲೆರಡು ಕನ್ನಡ ಮಾತುಗಳು ಈ ಎರಡು ಅರ್ಥಗಳಿಗೆ ಸಮೀಪವಾಗಿವೆ. ಮೂರನೆಯದಾದ ಪಶ್ಚಾತ್ತಾಪಕ್ಕೆ ತಿರುಗುವ ಅರ್ಥವಿಲ್ಲ. ಅದು ಮಾಡಿದ ಮೇಲೆ ಉಂಟಾಗುವ ಬೇಗೆ ಮಾತ್ರ.

'ಮಾನಸಾಂತರ'ಕ್ಕೂ ಒಂದು ತೊಡಕಿದೆ. ಅದು ಕಿವಿಗೆ 'ಮತಾಂತರ'ದ ಹಾಗೆಯೇ ಕೇಳಿಸುತ್ತದೆ. ಸುವಾರ್ತೆಯಲ್ಲಿ ಸ್ನಾನಿಕ ಯೋಹಾನನು ಈ ಕರೆಯನ್ನು ಕೊಟ್ಟದ್ದು ತನ್ನದೇ ಜನರಿಗೆ, ತನ್ನದೇ ಧರ್ಮದೊಳಗೆ. ಒಂದು ಮತವನ್ನು ಬಿಟ್ಟು ಇನ್ನೊಂದಕ್ಕೆ ಹೋಗುವುದು ಅಲ್ಲಿಯ ವಿಷಯವಲ್ಲ. ಈ ಭೇದವನ್ನು ಮರೆತ ವಿಮರ್ಶೆಯು ಒಂದು ನೈತಿಕ ಕರೆಯನ್ನು ಸಮುದಾಯಗಳ ಲೆಕ್ಕಾಚಾರಕ್ಕೆ ಇಳಿಸುತ್ತದೆ.

ಬೇಗೆಗೂ ತಿರುಗುವಿಕೆಗೂ ಇರುವ ಅಂತರಕ್ಕೆ ಯೂದನ ಕಥೆಯೇ ನಿದರ್ಶನ. ಮತ್ತಾಯನ 27ನೆಯ ಅಧ್ಯಾಯದಲ್ಲಿ ಅವನ ವಿಷಯಕ್ಕೆ ಬಳಕೆಯಾಗಿರುವ ಗ್ರೀಕ್ ಕ್ರಿಯಾಪದವೇ ಬೇರೆ. ಆದರೆ ಅದೇ ಕ್ರಿಯಾಪದ 21ನೆಯ ಅಧ್ಯಾಯದಲ್ಲಿ ಒಳ್ಳೆಯ ಅರ್ಥದಲ್ಲಿಯೂ ಬಂದಿರುವುದರಿಂದ ಪದವೊಂದನ್ನೇ ನೆಚ್ಚಿ ತೀರ್ಮಾನಿಸಲಾಗದು. ಕಥೆಯ ನಡೆಯನ್ನು ನೋಡಬೇಕು. ಯೂದನು ತಪ್ಪನ್ನು ಒಪ್ಪಿಕೊಂಡನು. 30 ಬೆಳ್ಳಿ ನಾಣ್ಯಗಳನ್ನು ಹಿಂದಿರುಗಿಸಿದನು. ಪ್ರಾಯಶ್ಚಿತ್ತದ ದೃಷ್ಟಿಯಿಂದ ಅವನು ಮಾಡಬೇಕಾದುದರಲ್ಲಿ ಬಹುಪಾಲನ್ನು ಮಾಡಿದ್ದಾನೆ. ಆದರೆ ಅವನು ಹೋದದ್ದು ತನ್ನನ್ನು ಕೊಂಡುಕೊಂಡ ಯಾಜಕರ ಬಳಿಗೆ, ತಾನು ದ್ರೋಹ ಬಗೆದವನ ಬಳಿಗಲ್ಲ. ಯಾಜಕರು ಕೈತೊಳೆದುಕೊಂಡರು, ಅವನು ಉರುಲು ಹಾಕಿಕೊಂಡನು. ಮೂರು ಬಾರಿ ಗುರುವನ್ನು ಅರಿಯೆನೆಂದ ಪೇತ್ರನ ತಪ್ಪೂ ಚಿಕ್ಕದಲ್ಲ. ಅವನು ಅತ್ತನು, ಆದರೆ ಶಿಷ್ಯರ ನಡುವೆ ಉಳಿದನು. ಅವನ ಪ್ರೀತಿಯನ್ನು ಮೂರು ಬಾರಿ ಕೇಳಿ ಕೆಲಸವನ್ನು ಮರಳಿ ಒಪ್ಪಿಸುವ ಪ್ರಸಂಗ ಯೋಹಾನನ ಸುವಾರ್ತೆಯ ಕೊನೆಯಲ್ಲಿದೆ. ಇಬ್ಬರಲ್ಲಿಯೂ ತಾಪವಿತ್ತು, ಒಬ್ಬನಲ್ಲಿ ಮಾತ್ರ ಮರಳುವಿಕೆ ಇತ್ತು.

ಇನ್ನು ಮೇರೆಯ ಪ್ರಶ್ನೆ. ಕರುಣೆಗೆ ಗಡಿ ಹಾಕುವಂತೆ ಕಾಣುವ ವಾಕ್ಯಗಳು ಹೊಸ ಒಡಂಬಡಿಕೆಯಲ್ಲಿವೆ. ಪವಿತ್ರಾತ್ಮ ದೂಷಣೆಗೆ ಕ್ಷಮೆಯಿಲ್ಲವೆಂದು ಮತ್ತಾಯನ 12ನೆಯ ಅಧ್ಯಾಯ ಹೇಳುತ್ತದೆ. ಬೆಳಕನ್ನು ಕಂಡು ಬಿದ್ದವರನ್ನು ಮತ್ತೆ ತಿರುಗಿಸುವುದು ಅಸಾಧ್ಯವೆಂದು ಇಬ್ರಿಯರಿಗೆ ಬರೆದ ಪತ್ರಿಕೆಯ 6ನೆಯ ಅಧ್ಯಾಯ ಹೇಳುತ್ತದೆ. ಈ ಕಾಠಿಣ್ಯವನ್ನು ಮರೆಮಾಚಲಾಗದು. ಸಾಮ್ರಾಟ ದೇಸಿಯಸನ ಕಾಲದ ಹಿಂಸೆಯಲ್ಲಿ (250) ನಂಬಿಕೆಯನ್ನು ನಿರಾಕರಿಸಿದವರಿಗೆ ಸಭೆಯಲ್ಲಿ ಮತ್ತೆ ಸ್ಥಾನವಿಲ್ಲವೆಂದು ರೋಮಿನ ನೊವಾಷಿಯನ್ ವಾದಿಸಿದನು. ತಕ್ಕ ಪರೀಕ್ಷೆಯ ಬಳಿಕ ಸ್ಥಾನವುಂಟೆಂದು ಕಾರ್ತೇಜಿನ ಸಿಪ್ರಿಯನ್ ಮತ್ತು ರೋಮಿನ ಕೊರ್ನೇಲಿಯಸ್ ನಿಂತರು. ಹಾಗೆ ಬಿದ್ದು ಎದ್ದವರೊಡನೆ ಸಹಭೋಜನಕ್ಕೆ ಒಪ್ಪಿದರೆ ಮಾತ್ರ ನೊವಾಷಿಯನ್ ಪಂಥದವರನ್ನು ಸೇರಿಸಿಕೊಳ್ಳಬಹುದೆಂದು 325ರ ನೈಸಿಯ ಸಭೆ ವಿಧಿಸಿತು.

ಆದರೆ ಇಬ್ರಿಯರ ಪತ್ರಿಕೆಯಲ್ಲಿ ಅಸಾಧ್ಯವೆಂದು ಹೇಳಿರುವುದು ದೇವರು ಕ್ಷಮಿಸುವುದನ್ನಲ್ಲ, ಬಿದ್ದವನನ್ನು ಮತ್ತೆ ತಿರುಗಿಸುವುದನ್ನು. ಮತ್ತಾಯನಲ್ಲಿಯೂ ಸಂದರ್ಭವೇ ಮುಖ್ಯ: ಕಣ್ಣೆದುರು ರೋಗಿ ಗುಣವಾದುದನ್ನು ದೆವ್ವದ ಕೆಲಸವೆಂದು ಕರೆದವರಿಗೆ ಆಡಿದ ಮಾತು ಅದು. ಒಳಿತನ್ನು ಒಳಿತೆಂದು ಕಾಣಲು ಒಪ್ಪದವನು ತಿರುಗುವುದಾದರೂ ಯಾವ ಕಡೆಗೆ? ಎರಡು ಕಡೆಯೂ ಮೇರೆಯಿರುವುದು ಮನುಷ್ಯನ ತಿರುಗುವ ಶಕ್ತಿಯಲ್ಲಿ ಎಂದು ನಾವು ಓದುತ್ತೇವೆ.

ಮತ್ತಾಯನ 18ನೆಯ ಅಧ್ಯಾಯದ ಸಾಮ್ಯ ಇದನ್ನು ಲೆಕ್ಕದಲ್ಲಿಯೇ ತೋರಿಸುತ್ತದೆ. ಸೇವಕನ ಸಾಲ 10,000 ತಲಾಂತು. ಒಂದು ತಲಾಂತಿಗೆ 6,000 ದಿನಾರಿಯಂತೆ, ಒಂದು ದಿನಾರಿ ಒಂದು ದಿನದ ಕೂಲಿಯಾಗುವಂತೆ, ಇದು 6 ಕೋಟಿ ದಿನಗಳ ಕೂಲಿ. ಅಷ್ಟನ್ನೂ ಮನ್ನಾ ಮಾಡಿಸಿಕೊಂಡವನು 100 ದಿನಾರಿಗಾಗಿ ಜೊತೆಯವನ ಕುತ್ತಿಗೆ ಹಿಸುಕಿದನು. ಒಡೆಯನ ಕರುಣೆ ನಿಂತುಹೋದದ್ದು ಸಾಲ ದೊಡ್ಡದೆಂದಲ್ಲ. ಪಡೆದ ಕರುಣೆ ಪಡೆದವನನ್ನು ತಿರುಗಿಸಲಿಲ್ಲವೆಂದು.

ಕನ್ನಡ ಕಾವ್ಯಪರಂಪರೆಯೊಡನೆ ಹೋಲಿಸಿದರೆ ಭೇದ ಇನ್ನೂ ಸ್ಫುಟವಾಗುತ್ತದೆ. ಜನ್ನನ ಯಶೋಧರ ಚರಿತೆಯಲ್ಲಿ (1209) ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ತಾಯಿಮಕ್ಕಳು ಹಲವು ಜನ್ಮಗಳನ್ನು ತೊಳಲುತ್ತಾರೆ. ಅವರ ಕಥೆಯನ್ನು ಕೇಳಿ ಮಾರಿದತ್ತನು ಹಿಂಸೆಯಿಂದ ತಿರುಗುತ್ತಾನೆ. ಅಲ್ಲಿ ತಿರುಗುವಿಕೆ ಇದೆ, ಮನ್ನಿಸುವ ಒಡೆಯನಿಲ್ಲ. ಮಂಜೇಶ್ವರದ ಎಂ. ಗೋವಿಂದ ಪೈಯವರ 'ಗೊಲ್ಗೊಥಾ'ದ ವಸ್ತು ಕ್ರಿಸ್ತನ ಕೊನೆಯ ದಿನ. ಆದ್ದರಿಂದ ಮನ್ನಿಸುವವನ ಮುಖವೇ ಅಲ್ಲಿ ಎದ್ದುಕಾಣುವುದು ಸಹಜ. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಓದಿದ, 1949ರಲ್ಲಿ ಮದ್ರಾಸ್ ಸರ್ಕಾರದಿಂದ ರಾಷ್ಟ್ರಕವಿಯೆನಿಸಿದ ಈ ಕವಿಯಿಂದ ಕನ್ನಡಕ್ಕೆ ಕರುಣಾಮೂರ್ತಿಯಾದ ಕ್ರಿಸ್ತನು ದೊರೆತನು. ಆ ಕರುಣೆ ಕೇಳುವ ತಿರುಗುವಿಕೆಯನ್ನು ಕುರಿತ ಚರ್ಚೆ ಮಾತ್ರ ನಮ್ಮ ವಿಮರ್ಶೆಯಲ್ಲಿ ಹಿಂದುಳಿದಿದೆ.

ಈ ನಾಡಿನ ಧಾರ್ಮಿಕ ಮಾತುಗಳು ಸುವಾರ್ತೆಯ ಅರ್ಥವನ್ನು ಹೊರಬಲ್ಲವೇ ಎಂಬ ಚರ್ಚೆಗೂ ಕ್ರೋಂಪೇಟೆಯ ನೆರೆಯೇ ಸಾಕ್ಷಿ. 1938ರ ಡಿಸೆಂಬರಿನಲ್ಲಿ ತಾಂಬರಂನಲ್ಲಿ ಸೇರಿದ ಅಂತರರಾಷ್ಟ್ರೀಯ ಮಿಷನರಿ ಪರಿಷತ್ತಿನಲ್ಲಿ ಹೆಂಡ್ರಿಕ್ ಕ್ರೇಮರನು ಸುವಾರ್ತೆಗೂ ಇತರ ಧರ್ಮಗಳಿಗೂ ನಡುವೆ ಕಡಿದುಹೋದ ಸಂಬಂಧವನ್ನು ಪ್ರತಿಪಾದಿಸಿದನು, ಪಿ. ಚೆಂಚಯ್ಯ, ವಿ. ಚಕ್ಕರೈ ಮೊದಲಾದ ಮದ್ರಾಸಿನ ಚಿಂತಕರು ಅದನ್ನು ಒಪ್ಪಲಿಲ್ಲ. ನಮ್ಮ ಒಲವು ಈ ಎರಡನೆಯ ಪಕ್ಷದ ಕಡೆಗಿದೆ, ಆದರೆ ಒಂದು ಎಚ್ಚರದೊಡನೆ. ಪಶ್ಚಾತ್ತಾಪವನ್ನು ಯೂದನಿಗೂ ಪೇತ್ರನಿಗೂ ಸಮನಾಗಿ ಬಳಸಿದರೆ, ಇಷ್ಟು ಬೆಂದ ಯೂದನನ್ನು ದೇವರೇಕೆ ಕೈಬಿಟ್ಟನೆಂದು ಓದುಗ ಕೇಳುತ್ತಾನೆ; ಮೇರೆ ದೇವರದ್ದೆಂದು ತಿಳಿಯುತ್ತಾನೆ. 'ತಿರುಗು' ಎಂಬ ಅಚ್ಚಗನ್ನಡದ ಮಾತನ್ನು ಅದರ ಸ್ಥಾನದಲ್ಲಿ ಉಳಿಸಿಕೊಂಡರೆ ಆ ಪ್ರಶ್ನೆ ಮನುಷ್ಯನ ಕಡೆಗೆ ಮರಳುತ್ತದೆ. ಅನುವಾದಕರೂ ವಿಮರ್ಶಕರೂ ಈ ಭೇದವನ್ನು ಕಾಯ್ದುಕೊಳ್ಳುವುದು ಅಗತ್ಯ.