ನ್ಯಾಯಪೀಠಕ್ಕೆ ತಾಲೂಕಿನಿಂದ ಎಷ್ಟು ದೂರ?

ಆಲಮಟ್ಟಿಯ ಹಿನ್ನೀರಿನಲ್ಲಿ ಹೊಲ ಕಳೆದುಕೊಂಡ ಬೀಳಗಿಯ ರೈತ, ಸರಕಾರ ಕೊಟ್ಟ ಪರಿಹಾರ ಸಾಲದೆನಿಸಿದರೆ ಮೊದಲು ಸಿವಿಲ್ ಕೋರ್ಟಿಗೆ ಹೋಗಬೇಕು, ಅಲ್ಲಿಂದ ಹೈಕೋರ್ಟಿಗೆ. ಮುಧೋಳ, ಜಮಖಂಡಿಯ ಕಬ್ಬು ಬೆಳೆಗಾರರ ಬಾಕಿ, ರಬಕವಿ-ಬನಹಟ್ಟಿ ನೇಕಾರರ ಕೂಲಿಯ ತಕರಾರು ಇವೂ ನ್ಯಾಯಾಲಯದ ಮೆಟ್ಟಿಲು ಹತ್ತುವಂಥವೇ. 2008ರಲ್ಲಿ ಧಾರವಾಡಕ್ಕೆ ಬಂದ ಹೈಕೋರ್ಟಿನ ಸಂಚಾರಿ ಪೀಠ 2013ರಲ್ಲಿ ಕಾಯಂ ಆಯಿತು. ಬಾಗಲಕೋಟೆ ಜಿಲ್ಲೆಯ ಕಕ್ಷಿದಾರರಿಗೆ ಬೆಂಗಳೂರಿನ ಅಲೆದಾಟ ತಪ್ಪಿತು. ಪೀಠವೇನೋ ಹತ್ತಿರ ಬಂತು. ಆದರೆ ಪೀಠದ ಮೇಲೆ ಕೂರುವವರನ್ನು ಆರಿಸುವ ಕೋಣೆ ಹತ್ತಿರ ಬಂದಿದೆಯೇ?

ನಮ್ಮಲ್ಲಿ ನ್ಯಾಯಾಧೀಶರಾಗಲು ಎರಡು ಬಾಗಿಲುಗಳಿವೆ. ಕೆಳಗಿನ ಬಾಗಿಲಲ್ಲಿ ಅರ್ಜಿ ಕರೆಯುತ್ತಾರೆ, ಪರೀಕ್ಷೆ ನಡೆಸುತ್ತಾರೆ. ಪರಿಶಿಷ್ಟರಿಗೆ, ಹಿಂದುಳಿದವರಿಗೆ, ಮಹಿಳೆಯರಿಗೆ ಮೀಸಲಾತಿಯೂ ಉಂಟು. ಮೇಲಿನ ಬಾಗಿಲಲ್ಲಿ ಇದ್ಯಾವುದೂ ಇಲ್ಲ. ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಮತ್ತು ಇಬ್ಬರು ಹಿರಿಯರು ತಾವು ಕಂಡವರ ಹೆಸರು ಸೂಚಿಸುತ್ತಾರೆ. ಸುಪ್ರೀಂ ಕೋರ್ಟಿನ ಕೊಲಿಜಿಯಂ ಅದನ್ನು ತೂಗುತ್ತದೆ. ಇದು 1993 ಮತ್ತು 1998ರ ತೀರ್ಪುಗಳಿಂದ ಬೆಳೆದ ಪದ್ಧತಿ. ಇದರ ಬದಲಿಗೆ ತಂದ ನೇಮಕಾತಿ ಆಯೋಗವನ್ನು ಸುಪ್ರೀಂ ಕೋರ್ಟ್ 2015ರಲ್ಲಿ ರದ್ದು ಮಾಡಿತು. ಸರಕಾರದ ಕೈಗೆ ಕೀಲಿಕೈ ಕೊಡಬಾರದು ಎಂಬುದು ಸರಿ. ಹಾಗೆಂದು ಒಳಗಿನಿಂದ ಚಿಲಕ ಹಾಕಿಕೊಳ್ಳುವುದೂ ಸರಿಯಾಗದು.

ಫಲಿತಾಂಶ ಕಣ್ಣೆದುರಿಗಿದೆ. ಕೇಂದ್ರ ಸರಕಾರವೇ ಸಂಸತ್ತಿಗೆ ಕೊಟ್ಟ ಲೆಕ್ಕದಂತೆ, 2018ರಿಂದ 2023ರ ಜುಲೈವರೆಗೆ ದೇಶದ ಹೈಕೋರ್ಟುಗಳಿಗೆ ನೇಮಕವಾದ 604 ಮಂದಿಯಲ್ಲಿ 458 ಮಂದಿ ಸಾಮಾನ್ಯ ವರ್ಗದವರು. ಪರಿಶಿಷ್ಟ ಜಾತಿಯವರು 18, ಪರಿಶಿಷ್ಟ ಪಂಗಡದವರು 9, ಹಿಂದುಳಿದ ವರ್ಗದವರು 72, ಅಲ್ಪಸಂಖ್ಯಾತರು 34.

'ಅರ್ಹತೆ ಮುಖ್ಯ, ಜಾತಿಯಲ್ಲ' ಎನ್ನುವವರಿದ್ದಾರೆ. ಅರ್ಹತೆ ಬೇಡವೆಂದವರು ಯಾರು? ಮುಸ್ಲಿಂ ನ್ಯಾಯಮೂರ್ತಿ ಮುಸ್ಲಿಮರ ಪರ ತೀರ್ಪು ಕೊಡಲಿ ಎಂಬ ನಿರೀಕ್ಷೆ ಆ ಪೀಠಕ್ಕೂ, ಆ ವ್ಯಕ್ತಿಗೂ ಮಾಡುವ ಅವಮಾನ. ಪ್ರಶ್ನೆ ಇರುವುದು ಆಲಿಸುವಿಕೆಯಲ್ಲಿ. ನೇಕಾರನ ಮನೆಯಲ್ಲಿ ಕಂಡಿಕೆ ಸುತ್ತುವ ಹೆಂಗಸಿನ ದುಡಿಮೆ ಯಾವ ಕೂಲಿ ಪುಸ್ತಕದಲ್ಲೂ ಕಾಣುವುದಿಲ್ಲ. ಆ ಬದುಕನ್ನು ಬಲ್ಲವರು ಪೀಠದಲ್ಲಿದ್ದರೆ ವಕೀಲರಿಗೆ ಕೇಳುವ ಪ್ರಶ್ನೆಯೇ ಬೇರೆಯಾಗುತ್ತದೆ.

ದೂರ ಎಂಬುದು ಜಾತಿ, ಧರ್ಮಗಳದ್ದಷ್ಟೇ ಅಲ್ಲ, ಊರಿನದ್ದೂ ಹೌದು. ಸಾವಳಗಿಯಲ್ಲಿ ಹುಟ್ಟಿ ಜಮಖಂಡಿಯಲ್ಲಿ ವಕೀಲಿಕೆ ಮಾಡಿದ ಬಿ.ಡಿ. ಜತ್ತಿಯವರು ಮುಖ್ಯಮಂತ್ರಿಯಾದರು, ಉಪರಾಷ್ಟ್ರಪತಿಯಾದರು, 1977ರಲ್ಲಿ ಹಂಗಾಮಿ ರಾಷ್ಟ್ರಪತಿಯೂ ಆದರು. ನ್ಯಾಯಮೂರ್ತಿಗಳ ನೇಮಕದ ಆದೇಶ ಹೊರಡುವುದೇ ಆ ಸ್ಥಾನದಿಂದ! ಆದರೆ ತಾಲೂಕು ಕೋರ್ಟಿನಲ್ಲೇ ವಾದಿಸುತ್ತ ಉಳಿದ ವಕೀಲನಿಗೆ ಹೈಕೋರ್ಟ್ ಪೀಠದ ನೇರ ದಾರಿಯಿಲ್ಲ. 217ನೇ ವಿಧಿ ಕೇಳುವುದು 10 ವರ್ಷದ ಹೈಕೋರ್ಟ್ ವಕೀಲಿಕೆ, ಇಲ್ಲವೇ 10 ವರ್ಷದ ನ್ಯಾಯಾಂಗ ಹುದ್ದೆ.

ಕೆಳಗಿನಿಂದ ಹತ್ತಿದವರು ಇಲ್ಲವೆಂದಲ್ಲ. ಕೇರಳದ ಫಾತಿಮಾ ಬೀವಿ 1958ರಲ್ಲಿ ಮುನ್ಸೀಫರಾಗಿ ಆರಂಭಿಸಿ, 1989ರಲ್ಲಿ ಸುಪ್ರೀಂ ಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿಯಾದರು. ಮುನ್ಸೀಫ್ ಹುದ್ದೆಯೇ ಅವರ ಏಣಿ. ಆ ಏಣಿಯ ಮೊದಲ ಮೆಟ್ಟಿಲನ್ನೇ ಈಗ ಎತ್ತರಿಸಲಾಗಿದೆ. ಸಿವಿಲ್ ನ್ಯಾಯಾಧೀಶರ ಪರೀಕ್ಷೆಗೆ ಕನಿಷ್ಠ ಮೂರು ವರ್ಷದ ವಕೀಲಿಕೆ ಬೇಕೆಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿತು. ಅನುಭವ ಬೇಕು, ನಿಜ. ಆದರೆ ಬನಹಟ್ಟಿಯ ನೇಕಾರನ ಮಗಳು ಹಿರಿಯ ವಕೀಲರ ಕೈಕೆಳಗೆ ಆ ಮೂರು ವರ್ಷ ಕಳೆಯುವುದು ಯಾರ ದುಡ್ಡಿನಲ್ಲಿ? ಅಷ್ಟು ದಿನ ಮನೆಯವರು ಮದುವೆಯ ಮಾತೆತ್ತದೆ ಕಾಯುತ್ತಾರೆಯೇ?

ಷರತ್ತು ಹಾಕಿದವರು ಶಿಷ್ಯವೇತನದ ಹೊಣೆಯನ್ನೂ ಹೊರಬೇಕು. ಮೇಲಿನ ಆಯ್ಕೆಗೆ ಯಾರ ಯಾರ ಹೆಸರು ಪರಿಶೀಲಿಸಿದರು, ಯಾವ ಅಳತೆಗೋಲಿನಿಂದ ಅಳೆದರು ಎಂಬುದು ಜನರಿಗೆ ತಿಳಿಯಬೇಕು. ಜಿಲ್ಲಾ ನ್ಯಾಯಾಲಯಗಳಲ್ಲಿ ಹೆಸರು ಮಾಡಿದವರನ್ನು ಹುಡುಕಿಕೊಂಡು ಹೋಗುವ ಕೆಲಸವೂ ಆಗಬೇಕು. ನ್ಯಾಯ ಕೇಳುವವರು ಎಲ್ಲ ಕೇರಿಗಳಿಂದ ಬರುತ್ತಾರೆ. ನ್ಯಾಯ ಹೇಳುವವರು ಕೆಲವೇ ಕೇರಿಗಳಿಂದ ಬಂದರೆ, ತೀರ್ಪು ಎಷ್ಟೇ ನ್ಯಾಯವಾಗಿದ್ದರೂ ಸೋತವನ ಮನಸ್ಸಿನಲ್ಲಿ ಒಂದು ಸಂಶಯ ಉಳಿದೇ ಉಳಿಯುತ್ತದೆ.